ಖದೀಮಿ

ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ತಿಂಗಳ ಚೀಟಿ ಹಾಕುತ್ತಿದ್ದೆವು. ದೇವದುರ್ಗದ ಓಣಿಯ ಚೀಟಿಗೆ ರಸೀದಿ ಎಲ್ಲಿಯದು? ಹಣ ಹಿಡಿಯುವಾಕೆಯ ಮಾತೇ ರಸೀದಿ. ಒಂದು ದಿನ ಆಕೆಯ ಗಂಡ ಟ್ರಂಕಿನಲ್ಲಿದ್ದ ದುಡ್ಡನ್ನೆಲ್ಲ ಎತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. ಬೈಯೋಣವೆಂದರೆ ಅವನು ಸಿಗಬೇಕಲ್ಲ! ಸಿಕ್ಕವಳು ಈಕೆ. “ಖದೀಮಿ! ಗಂಡನ ಕೂಡ ಕೂಡೇ ಮಾಡ್ಯಾಳ” ಅಂದರು. ನಾನೂ ಅಂದೆ. ನನ್ನ ಎಂಟು ತಿಂಗಳ ಕಂತು ಅದರಲ್ಲಿತ್ತು.

ಅದಾದ ಮೇಲೊಮ್ಮೆ ಪಕ್ಕದ ಮನೆಯ ಖಾಲಾ ತಮ್ಮ ತಾಮ್ರದ ಹಂಡೆ ತೋರಿಸಿ, “ಇದು ಖದೀಮ್ ಐತಿ” ಎಂದರು. ಕದ್ದದ್ದೇನು ಖಾಲಾ ಎಂದು ನಕ್ಕೆ. ಅವರು ನಗಲಿಲ್ಲ. “ಖದೀಮ್ ಅಂದ್ರ ಹಳೇದವ್ವ. ನಮ್ಮತ್ತಿ ಕೊಟ್ಟಿದ್ದು.”

ನಿಜವೇ. ಅರಬ್ಬಿಯಿಂದ ಫಾರಸಿಗೆ, ಅಲ್ಲಿಂದ ಉರ್ದುವಿಗೆ ಬಂದ ಈ ಶಬ್ದಕ್ಕೆ ಪುರಾತನ ಎಂದಷ್ಟೇ ಅರ್ಥ. ಆದಿಯಿಲ್ಲದ ದೇವರನ್ನೂ ಅವರು ಖದೀಮ್ ಎನ್ನುತ್ತಾರೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಸೀಮೆಗೆ ಉರ್ದು ಹೊಸದಲ್ಲ. ಆದರೆ ಕನ್ನಡದಲ್ಲಿ ಈ ಶಬ್ದ ಕಳ್ಳನ ಜೊತೆ ಸೇರಿತು. ಖದೀಮ ಕಳ್ಳ ಎಂದರೆ ಹಳೇ ಕಳ್ಳ, ಪಳಗಿದ ಕಳ್ಳ. ಆಮೇಲೆ ಕಳ್ಳ ಜಾರಿಕೊಂಡ. ಹಳೆಯದೆಂಬ ಪಾಪದ ಶಬ್ದ ಕಳ್ಳತನ ಹೊತ್ತುಕೊಂಡು ಒಂಟಿಯಾಗಿ ನಿಂತಿತು.

ಚಾರ್‌ಸೋಬೀಸ್ ಎಂಬ ಬೈಗುಳಕ್ಕಾದರೂ ಕಾಗದವಿತ್ತು. 1860ರ ದಂಡಸಂಹಿತೆಯಲ್ಲಿ ವಂಚನೆಗೆ 420ನೆಯ ಕಲಮು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 318 ಆಗಿದೆ. ಬೈಯುವವರು ಮಾತ್ರ ಇನ್ನೂ ಹಳೆಯ ಕಲಮನ್ನೇ ಹಚ್ಚುತ್ತಾರೆ!

ಹಾಗಾದರೆ ಜೊತೆಗಿದ್ದದ್ದೇ ತಪ್ಪೇ? ಆಕೆ ಬರೀ ಮುಗ್ಧೆ ಎಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಗಂಡನ ಮಟ್ಕಾ ಚಟ ಗೊತ್ತಿದ್ದೂ ದುಡ್ಡನ್ನು ಮನೆಯಲ್ಲೇ ಇಟ್ಟಳು. ಆದರೆ ಆ ಚಟ ನಮಗೂ ಗೊತ್ತಿತ್ತು. ಆಕೆ ಬಡ್ಡಿ ಕೇಳುವುದಿಲ್ಲ, ಸರದಿ ತಪ್ಪಿಸುವುದಿಲ್ಲ ಎಂದು ನಾವೂ ಸುಮ್ಮನಿದ್ದೆವು. ಅವನೊಂದಿಗೆ ಸಂಸಾರ ಮಾಡುವುದು ಆಕೆಗೆ ಬಿಡಲಾಗದ ಜೊತೆ, ನಮಗೇನಿತ್ತು?

ಆಕೆ ಊರು ಬಿಡಲಿಲ್ಲ. ಜೋಳದ ರೊಟ್ಟಿ ಬಡಿದು ಮಾರಿ, ಮೂರು ವರ್ಷದಲ್ಲಿ ಒಬ್ಬೊಬ್ಬರದೇ ತೀರಿಸಿದಳು. ನನ್ನ ಕೊನೆಯ ಕಂತು ತಂದ ದಿನ ಹೊಸ್ತಿಲ ಹೊರಗೇ ನಿಂತು, “ಎಣಿಸ್ಕೋರಿ ಅಕ್ಕಾ” ಎಂದಳು. ಬ್ಯಾಡವಾ, ಒಳಗ ಬಾ ಎನ್ನಬೇಕಿತ್ತು. ನಾನು ಆಕೆಯೆದುರೇ ಎರಡು ಸಲ ಎಣಿಸಿದೆ.