ಸರಮೆಯ ಪ್ರಶ್ನೆ

ಮಹಾಭಾರತದ ಆದಿಪರ್ವದ ಮೊದಲ ಭಾಗದಲ್ಲೇ ಒಂದು ನಾಯಿಮರಿ ಪೆಟ್ಟು ತಿನ್ನುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರಯಾಗ ನಡೆದಿದೆ. ಅಲ್ಲಿಗೆ ಬಂದ ಮರಿಯನ್ನು ಅವನ ಮೂವರು ತಮ್ಮಂದಿರು ಬಡಿದು ಓಡಿಸುತ್ತಾರೆ. ಅಳುತ್ತ ಬಂದ ಮಗನನ್ನು ತಾಯಿ ಸರಮೆ ಮೊದಲು ವಿಚಾರಿಸುತ್ತಾಳೆ: ನೀನೇನಾದರೂ ತಪ್ಪು ಮಾಡಿದೆಯಾ? ಹವಿಸ್ಸನ್ನು ನೆಕ್ಕಲಿಲ್ಲ, ಅತ್ತ ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಮೇಲೆ ಆಕೆ ಯಾಗಶಾಲೆಗೆ ಹೋಗಿ, ತಪ್ಪಿಲ್ಲದವನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ತುಟಿ ಬಿಚ್ಚುವುದಿಲ್ಲ. ಕಾಣದ ಭಯವೊಂದು ಬಂದೆರಗಲಿ ಎಂದು ಆಕೆ ಶಪಿಸುತ್ತಾಳೆ.

ಬೀದಿ ನಾಯಿಯ ಮೇಲೆ ಮಕ್ಕಳಿಗೆ ಕರುಣೆ ಹುಟ್ಟಿಸಲು ಹೊರಟವರು ಸಾಮಾನ್ಯವಾಗಿ 'ಪಾಪ, ಮೂಕಪ್ರಾಣಿ' ಎಂಬಲ್ಲಿಂದ ತೊಡಗುತ್ತಾರೆ. ಸರಮೆಯ ಕಥೆ ತೊಡಗುವುದು ನ್ಯಾಯದಿಂದ. ಇದೇ ಹೆಚ್ಚು ಗಟ್ಟಿಯಾದ ದಾರಿ. ತಾನು ಮಾಡದ ತಪ್ಪಿಗೆ ಬೈಸಿಕೊಂಡ ನೋವು ಪ್ರತಿ ಮಗುವಿಗೂ ಗೊತ್ತು. ಕಲ್ಲೇಟು ತಿಂದ ನಾಯಿಯಲ್ಲಿ ಅದು ತನ್ನನ್ನೇ ಕಾಣಬಲ್ಲದು. ಅಯ್ಯೋ ಎನ್ನುವ ಮರುಕ ಮೇಲಿನಿಂದ ಕೆಳಗೆ ನೋಡುತ್ತದೆ, ನ್ಯಾಯದ ಪ್ರಶ್ನೆ ಹಾಗಲ್ಲ.

ಬೌದ್ಧರ ಕುಕ್ಕುರ ಜಾತಕ ಈ ಪ್ರಶ್ನೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ವಾರಾಣಸಿಯ ಅರಸನ ರಥದ ತೊಗಲಿನ ಪಟ್ಟಿಗಳು ರಾತ್ರಿಯ ಮಳೆಗೆ ನೆನೆಯುತ್ತವೆ. ನಾಯಿಗಳು ಅವನ್ನು ಕಡಿದು ತಿನ್ನುತ್ತವೆ. ಹೊರಗಿನ ನಾಯಿಗಳು ನುಗ್ಗಿರಬೇಕು ಎಂದು ಆಳುಗಳು ಹೇಳಿದ್ದೇ ತಡ, ಕಂಡ ಕಂಡ ನಾಯಿಯನ್ನು ಕೊಲ್ಲಲು ಅಪ್ಪಣೆಯಾಗುತ್ತದೆ. ಅರಮನೆಯಲ್ಲಿ ಸಾಕಿದ ನಾಯಿಗಳಿಗೆ ಮಾತ್ರ ವಿನಾಯಿತಿ. ಸ್ಮಶಾನದ ನಾಯಿಗಳ ಹಿರಿಯನಾಗಿ ಹುಟ್ಟಿದ್ದ ಬೋಧಿಸತ್ವ ಒಬ್ಬನೇ ಆಸ್ಥಾನಕ್ಕೆ ಹೋಗಿ, ತಿಂದವರು ಯಾರೆಂದು ನೋಡಿದಿರಾ ಎಂದು ಅರಸನನ್ನು ಕೇಳುತ್ತಾನೆ. ನೋಡಿದವರಿಲ್ಲ. ಮಜ್ಜಿಗೆಯಲ್ಲಿ ದರ್ಭೆ ಅರೆದು ಅರಮನೆಯ ನಾಯಿಗಳಿಗೆ ಕುಡಿಸಿದಾಗ ಅವು ತೊಗಲಿನ ತುಂಡುಗಳನ್ನು ಕಾರುತ್ತವೆ. ಒಂದು ನಾಯಿ ಕಚ್ಚಿದರೆ ಇಡೀ ಬೀದಿಯ ನಾಯಿಗಳ ಮೇಲೆ ಕೋಲು ಎತ್ತುವ ಊರುಗಳಲ್ಲಿ ಈ ಕಥೆಯನ್ನು ಮತ್ತೆ ಮತ್ತೆ ಹೇಳಬೇಕು.

ಹಾಗೆಂದು ಜಾತಕ ನಾಯಿಗಳೆಲ್ಲ ನಿರಪರಾಧಿಗಳು ಎನ್ನುವುದಿಲ್ಲ. ಕಣ್ಣಿಟ್ಟು ನೋಡಿ ತೀರ್ಮಾನಿಸು ಎನ್ನುತ್ತದೆ. ಮಗುವಿನ ಸುರಕ್ಷತೆಯೂ ಇದೇ ನೋಟದಲ್ಲಿದೆ. ಮರಿ ಹಾಕಿದ ನಾಯಿ, ತಿನ್ನುತ್ತಿರುವ ನಾಯಿ, ಮಲಗಿದ ನಾಯಿ—ಇವುಗಳ ಹತ್ತಿರ ಹೋಗದಿರುವುದು ಅವುಗಳ ಭಯಕ್ಕೆ ಕೊಡುವ ಮನ್ನಣೆ. ನಾಯಿ ಕಚ್ಚಿದರೆ, ಪರಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ಮನೆಯಲ್ಲಿ ಹೇಳುವುದು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯುವುದು, ತಡಮಾಡದೆ ರೇಬೀಸ್ ಲಸಿಕೆ ಹಾಕಿಸುವುದು—ಕಥೆಯ ಜೊತೆಗೇ ಇವನ್ನೂ ಹೇಳಿಕೊಡಬೇಕು.

ಮಹಾಭಾರತದ ಕೊನೆಯಲ್ಲೂ ನಾಯಿಯಿದೆ. ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ಮುಗಿಯುವುದರಿಂದ ಅಲ್ಲಿ ಈ ಪ್ರಸಂಗ ಸಿಗದು; ಸಂಸ್ಕೃತ ಮೂಲದಲ್ಲಿ ಅದು 17ನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ ಬರುತ್ತದೆ. ಕೊನೆಯ ಪಯಣದಲ್ಲಿ ದ್ರೌಪದಿ, ತಮ್ಮಂದಿರು ದಾರಿಯಲ್ಲಿ ಬಿದ್ದ ಮೇಲೆ ಯುಧಿಷ್ಠಿರನ ಹಿಂದೆ ಉಳಿಯುವುದು ಒಂದು ನಾಯಿ. ಅದನ್ನು ಬಿಟ್ಟು ಸ್ವರ್ಗದ ರಥ ಹತ್ತು ಎನ್ನುತ್ತಾನೆ ಇಂದ್ರ. ನಂಬಿ ಬಂದದ್ದನ್ನು ಬಿಡಲಾರೆ ಎನ್ನುತ್ತಾನೆ ಯುಧಿಷ್ಠಿರ. ಇದಕ್ಕೆ ಮಹಾಭಾರತದ ಮಾತು 'ಆನೃಶಂಸ್ಯ', ಅಂದರೆ ಕ್ರೂರನಾಗದಿರುವುದು. ಯಕ್ಷಪ್ರಶ್ನೆಯಲ್ಲಿ ಅವನು ಪರಮಧರ್ಮವೆಂದು ಹೆಸರಿಸುವುದೂ ಇದನ್ನೇ. ಪ್ರೀತಿ ಉಕ್ಕದಿದ್ದರೂ ಪಾಲಿಸಬಹುದಾದ ಧರ್ಮವಿದು. ನಾಯಿಯೆಂದರೆ ಹೆದರುವ ಮಗುವಿಗೂ ಸಾಧ್ಯ.

ಆ ನಾಯಿ ಧರ್ಮದೇವತೆಯೇ ಆಗಿತ್ತು ಎಂಬುದು ಕಥೆಯ ತುದಿ. ಅದನ್ನು ಅವಸರದಲ್ಲಿ ಹೇಳಿದರೆ, ದೇವರಿರಬಹುದು ಎಂಬ ಲೆಕ್ಕಾಚಾರದ ದಯೆ ಮಗುವಿನಲ್ಲಿ ಉಳಿದೀತು. ಹೇಳುವವರು ಅಲ್ಲಿ ತುಸು ನಿಂತು, ಅದು ಬರೀ ನಾಯಿಯೇ ಆಗಿದ್ದರೆ ಅವನು ಏನು ಮಾಡುತ್ತಿದ್ದ ಎಂದು ಕೇಳುವುದು ಮೇಲು. ಯುಧಿಷ್ಠಿರ ರಥ ಹತ್ತಲು ಒಲ್ಲೆನೆಂದಾಗ ಅವನ ಕಣ್ಣಿಗೆ ಅದು ಬರೀ ನಾಯಿಯೇ ಆಗಿತ್ತು.