ದುಡಿಮೆಯಲ್ಲಿ ಮನಸ್ಸು ನಿಲ್ಲುವುದು ಹೇಗೆ?



ತಾಳವಾಡಿ ಸೀಮೆಯ ಸದ್ಭಕ್ತರು ನಮ್ಮ ಮುಂದೆ ಹೆಚ್ಚಾಗಿ ಹೇಳಿಕೊಳ್ಳುವ ಕಷ್ಟ ಒಂದುಂಟು. “ಆಳು ಸಿಕ್ಕುವುದಿಲ್ಲ ಬುದ್ಧಿ. ಸಿಕ್ಕಿದರೂ ಮನಸ್ಸಿಟ್ಟು ಮಾಡುವುದಿಲ್ಲ. ನಾವು ಬದುವಿನ ಮೇಲೆ ನಿಂತಿದ್ದರೆ ಕೈ ಆಡುತ್ತದೆ, ಮರೆಯಾದರೆ ನಿಲ್ಲುತ್ತದೆ” ಎಂದು ರೈತರು ಹೇಳುತ್ತಾರೆ. “ಅಂಗಡಿಗೆ ಇಟ್ಟುಕೊಂಡ ಹುಡುಗ ಕೆಲಸ ಕಲಿತ ಕೂಡಲೇ ತಿರುಪ್ಪೂರಿಗೋ ಬೆಂಗಳೂರಿಗೋ ಹೊರಟುಬಿಡುತ್ತಾನೆ” ಎಂದು ವ್ಯಾಪಾರಿಗಳು ಹೇಳುತ್ತಾರೆ.

ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಗುಮಟಾಪುರದ ಗೊರೆಹಬ್ಬವನ್ನು ನೋಡಿರಿ. ದೀಪಾವಳಿ ಮುಗಿಯುತ್ತಿದ್ದಂತೆ ಊರಿನ ದನಕರು ಇರುವ ಮನೆಗಳಿಂದ ಸಗಣಿ ಬರುತ್ತದೆ. ಟ್ರ್ಯಾಕ್ಟರುಗಳಲ್ಲಿ ಅದನ್ನು ಬೀರೇಶ್ವರನ ಗುಡಿಯ ಬಳಿ ತಂದು ರಾಶಿ ಹಾಕುತ್ತಾರೆ. ಪೂಜೆಯಾದ ಮೇಲೆ ಗಂಡಸರು, ಹುಡುಗರು ಆ ರಾಶಿಗೆ ಇಳಿದು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಕೊನೆಗೆ ಆ ಸಗಣಿ ಹೊಲಕ್ಕೆ ಗೊಬ್ಬರವಾಗುತ್ತದೆ. ಸಗಣಿ ಬಾಚುವುದು ಯಾರೂ ಆಸೆಪಟ್ಟು ಮಾಡುವ ಕೆಲಸವಲ್ಲ. ಆದರೆ ಆ ದಿನ ಹಾಜರಿ ಹಿಡಿಯುವವರಿಲ್ಲ, ಕೂಲಿ ಎಣಿಸುವವರಿಲ್ಲ. ಆದರೂ ಯಾರೂ ಹಿಂದೆ ಸರಿಯುವುದಿಲ್ಲ.

ಏಕೆ? ಅದು ನಮ್ಮ ಊರಿನ ಕೆಲಸ ಎಂಬ ಭಾವ ಅಲ್ಲಿದೆ. ಏತಕ್ಕಾಗಿ ಮಾಡುತ್ತಿದ್ದೇವೆಂಬುದು ಎಲ್ಲರಿಗೂ ತಿಳಿದಿದೆ. ರಾಶಿಗೆ ಇಳಿದ ಮೇಲೆ ದೊಡ್ಡವನ ಅಂಗಿಯೂ ಕೊಳೆಯಾಗುತ್ತದೆ, ಚಿಕ್ಕವನ ಅಂಗಿಯೂ ಕೊಳೆಯಾಗುತ್ತದೆ. ಮನುಷ್ಯನಿಗೆ ತಾನು ಎಣಿಕೆಯಲ್ಲಿದ್ದೇನೆ ಎನ್ನಿಸಿದರೆ ಅವನ ಕೈಯ ಹಿಂದೆ ಮನಸ್ಸೂ ಬರುತ್ತದೆ.

ಹಾಗೆಂದು, “ಹಬ್ಬದಲ್ಲಿ ಬಿಟ್ಟಿ ದುಡಿಯುವವನು ನನ್ನ ಹೊಲದಲ್ಲೂ ಕಡಿಮೆಗೆ ದುಡಿಯಲಿ” ಎಂದು ಯಾರಾದರೂ ಲೆಕ್ಕ ಹಾಕಿದರೆ ಅದು ಅಧರ್ಮ. ಹಬ್ಬ ಒಂದು ದಿನದ್ದು, ಹೊಟ್ಟೆ ವರ್ಷವಿಡೀ ಇರುವುದು. ಕಾಯಕತತ್ತ್ವವನ್ನು ಆಳಿಗೆ ಮಾತ್ರ ಬೋಧಿಸಿ ಯಜಮಾನ ತಾನು ಪಾರಾಗುವಂತಿಲ್ಲ. ಜೀತಪದ್ಧತಿಯನ್ನು ಕಾನೂನು 1976ರಲ್ಲೇ ರದ್ದುಮಾಡಿತು. ಆದರೆ ಆಳೆಂದರೆ ಕೊಂಡುಕೊಂಡ ವಸ್ತು ಎಂಬ ಭಾವನೆ ನಮ್ಮ ಮನಸ್ಸಿನಿಂದ ರದ್ದಾಗಿದೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ನಮ್ಮ ಪಾಲಿಗೆ ಮೀರಿದ್ದು ನಮಗೆ ಬೇಡವೆಂದು ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವು ದುಡಿಯುವವನ ನಿರಾಸೆಗೆ ಉದಾಹರಣೆಯಾಗಿ ಹೇಳುತ್ತೇವೆ. ದುಡಿಸಿಕೊಳ್ಳುವವನಿಗೂ ಇದು ಅಷ್ಟೇ ಸಲ್ಲುತ್ತದೆ. ಆಳಿಗೆ ಕೊಡಬೇಕಾದ ಕೂಲಿಯನ್ನು ಉಳಿಸಿಕೊಂಡ ಮನೆಯಲ್ಲಿ ಬೇಯುವುದು ಲಕ್ಕಮ್ಮನವರು ಒಲ್ಲೆನೆಂದ ಅಕ್ಕಿ.

ಇದು ನಮ್ಮ ಹಳ್ಳಿಗಳ ಕಷ್ಟ ಮಾತ್ರವಲ್ಲ. ಅಮೆರಿಕದ ಗ್ಯಾಲಪ್ ಎಂಬ ಸಂಸ್ಥೆ ದೇಶದೇಶಗಳ ನೌಕರರನ್ನು ಕೇಳಿ ಲೆಕ್ಕ ಹಾಕುತ್ತದೆ. 2024ರ ಅದರ ಲೆಕ್ಕದಂತೆ ಮನಸ್ಸಿಟ್ಟು ಕೆಲಸ ಮಾಡುವವರು ನೂರಕ್ಕೆ 21 ಮಂದಿ ಮಾತ್ರ. ತಂಪು ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತವನಿಗೂ ಮನಸ್ಸು ನಿಲ್ಲುತ್ತಿಲ್ಲ! ಕೈಕೆಳಗಿನವರ ಉತ್ಸಾಹ ಬಹುಮಟ್ಟಿಗೆ ಮೇಲಿನವನ ನಡತೆಯನ್ನು ಅವಲಂಬಿಸಿದೆ ಎಂದೂ ಆ ಸಂಸ್ಥೆ ಹೇಳುತ್ತದೆ. ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಮುಂದಿನ ಎತ್ತು ಹೋದ ಹಾಗೆ ಹಿಂದಿನ ಎತ್ತು.

ಆದ್ದರಿಂದ ಭಕ್ತರು ಕೆಲವು ಮಾತುಗಳನ್ನು ನಡೆಸಿ ನೋಡಬೇಕು. ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಿರಿ. ಅರಿಸಿನ ಈರೋಡಿನ ಮಂಡಿಯಲ್ಲಿ ಮಾರಿದ ಮೇಲೆ ಕೊಡುತ್ತೇನೆಂದು ತಿಂಗಳುಗಟ್ಟಲೆ ತಳ್ಳಬೇಡಿರಿ, ಬೆಲೆ ಇಳಿದರೆ ಅದು ಆಳಿನ ತಪ್ಪಲ್ಲ. ಹೆಣ್ಣಾಳಿನ ಬೆವರಿಗೆ ಕಡಿಮೆ ಬೆಲೆ ಕಟ್ಟಬೇಡಿರಿ. ದುಡಿಯುವವರನ್ನು ಹೆಸರು ಹಿಡಿದು ಕರೆಯಿರಿ, ವಯಸ್ಸಾದವರಿದ್ದರೆ ಅಣ್ಣ, ಅಕ್ಕ ಎನ್ನಿರಿ. ಅವರಿಗೆ ಬೇರೆ ಲೋಟ, ಬೇರೆ ತಟ್ಟೆ ಇಡುವ ಮನೆಯವರು ಬಸವಣ್ಣನವರ ಹೆಸರು ಹೇಳುವುದು ಸಲ್ಲದು. ನಾಟಿ ಯಾವಾಗ, ನೀರು ಎಷ್ಟು ಎಂದು ಅವರನ್ನೂ ಒಂದು ಮಾತು ಕೇಳಿರಿ. ನೆಲವನ್ನು ದಿನವೂ ಮುಟ್ಟುವವರಿಗೆ ತಿಳಿದದ್ದು ಬದುವಿನ ಮೇಲೆ ನಿಂತವರಿಗೆ ತಿಳಿದಿರುವುದಿಲ್ಲ. ಕೆಲಸ ಚೆನ್ನಾದಾಗ ನಾಲ್ವರ ಮುಂದೆ ಹೇಳಿರಿ, ಕೆಟ್ಟಾಗ ಒಬ್ಬರನ್ನೇ ಕರೆದು ಹೇಳಿರಿ.

ದುಡಿಯುವ ಬಂಧುಗಳಿಗೂ ಒಂದು ಮಾತು. ಯಜಮಾನ ನೋಡುತ್ತಿಲ್ಲವೆಂದು ಕೆಲಸ ಕೆಡಿಸಿದರೆ ಕೆಡುವುದು ನಿಮ್ಮ ಕೈಯ ಹದವೇ. ನ್ಯಾಯವಾದ ಕೂಲಿಯನ್ನು ತಲೆಯೆತ್ತಿ ಕೇಳಿರಿ, ಮಾಡಿದ ಕೆಲಸವನ್ನೂ ತಲೆಯೆತ್ತಿ ತೋರಿಸುವಂತೆ ಮಾಡಿರಿ.

ದೀಪಾವಳಿಗೆ ವ್ಯಾಪಾರಸ್ಥರು ಹೊಸ ಲೆಕ್ಕದ ಪುಸ್ತಕ ಇಟ್ಟು ಪೂಜಿಸುವುದುಂಟು. ಈ ಸಲ ಅದಕ್ಕೆ ಮೊದಲು ಹಳೆಯ ಪುಸ್ತಕವನ್ನು ಒಮ್ಮೆ ತಿರುವಿ, ಯಾವ ಆಳಿಗೆ ಎಷ್ಟು ಬಾಕಿ ಇದೆ ನೋಡಿರಿ. ಅದನ್ನು ತೀರಿಸಿ ಆಮೇಲೆ ದೀಪ ಹಚ್ಚಿರಿ.