ಗ್ರಾಮಸಭೆಯ ಮುಂದೆ ದೈವದ ನೆಲೆ

ಒಡಿಶಾದ ರಾಯಗಡ ಮತ್ತು ಕಾಲಾಹಾಂಡಿ ಜಿಲ್ಲೆಗಳಲ್ಲಿ ಹಬ್ಬಿರುವ ನಿಯಮಗಿರಿ ಬೆಟ್ಟಸಾಲು ಡೋಂಗ್ರಿಯಾ ಕೊಂಧ ಸಮುದಾಯದ ವಾಸಸ್ಥಾನ. ಬೆಟ್ಟದ ಒಡೆಯನೂ ಬಾಳಿನ ಕಟ್ಟಳೆಗಳನ್ನು ಹಾಕಿಕೊಟ್ಟವನೂ ನಿಯಮರಾಜನೇ ಎಂಬುದು ಅವರ ನಂಬಿಕೆ. ಅದೇ ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಅದಿರಿದೆ. ಅದನ್ನು ತೆಗೆದು ತಪ್ಪಲಿನ ಲಾಂಜಿಗಢದ ಅಲ್ಯೂಮಿನಾ ಕಾರ್ಖಾನೆಗೆ ಒದಗಿಸುವ ಯೋಜನೆಗೆ ಕೇಂದ್ರ ಪರಿಸರ ಸಚಿವಾಲಯ 2010ರ ಆಗಸ್ಟ್‌ನಲ್ಲಿ ಅನುಮತಿ ನಿರಾಕರಿಸಿತು. ಒಡಿಶಾ ಗಣಿ ನಿಗಮ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಗಣಿಗಾರಿಕೆಯಿಂದ ನಿಯಮರಾಜನ ಆರಾಧನೆಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳು ಪರಿಶೀಲಿಸಲಿ ಎಂದು 2013ರ ಏಪ್ರಿಲ್ 18ರಂದು ನ್ಯಾಯಾಲಯ ತೀರ್ಪಿತ್ತಿತು. ಊರಿನ ಸಭೆಯೊಂದು ದೈವದ ವಿಷಯದಲ್ಲಿ ನಿರ್ಣಯ ಮಾಡಬಲ್ಲುದೇ ಎಂಬ ಪ್ರಶ್ನೆ ಹೀಗೆ ಕಾನೂನಿನೊಳಗೇ ಹುಟ್ಟಿಕೊಂಡಿತು.

ಗ್ರಾಮ ಪಂಚಾಯಿತಿ ಚುನಾಯಿತ ಸದಸ್ಯರ ಮಂಡಳಿ. ಗ್ರಾಮಸಭೆಯಲ್ಲಿ ಪ್ರತಿನಿಧಿಗಳ ಬದಲು ಜನರೇ ಕೂರುತ್ತಾರೆ. ಪರಿಶಿಷ್ಟ ಪ್ರದೇಶಗಳಿಗೆ ಪಂಚಾಯಿತಿ ವ್ಯವಸ್ಥೆಯನ್ನು ವಿಸ್ತರಿಸಿದ 1996ರ ಕಾಯ್ದೆ, ಸಮುದಾಯದ ಸಂಪ್ರದಾಯ ಮತ್ತು ಸಾಂಸ್ಕೃತಿಕ ಅಸ್ಮಿತೆಯನ್ನು ಕಾಯುವ ಅಧಿಕಾರವನ್ನು ಈ ಸಭೆಗೆ ಕೊಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಊರಿನ ವಯಸ್ಕರೆಲ್ಲರೂ ಅದರ ಸದಸ್ಯರು. 2012ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಕನಿಷ್ಠ ಅರ್ಧದಷ್ಟು ಸದಸ್ಯರು ಸೇರಿದರೆ ಕೋರಂ. ಹಾಜರಿದ್ದವರಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರಿರಬೇಕು. ಹಕ್ಕುಗಳ ಕುರಿತ ನಿರ್ಣಯಕ್ಕೆ ಹಕ್ಕು ಕೋರಿದವರಲ್ಲಿ ಅರ್ಧದಷ್ಟು ಮಂದಿಯಾದರೂ ಹಾಜರಿರಬೇಕು. ಸರಳ ಬಹುಮತ ಸಾಕು.

ತೀರ್ಪಿನಂತೆ 2013ರ ಜುಲೈ 18ರಂದು ಸೆರ್ಕಪಾಡಿಯಲ್ಲಿ ಮೊದಲ ಸಭೆ ಸೇರಿತು. ಆಗಸ್ಟ್ 19ರಂದು ಜರಪಾದಲ್ಲಿ ಕೊನೆಯದು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಗಳು ವೀಕ್ಷಕರಾಗಿದ್ದರು. ಹೀಗೆ ನಡೆದ 12 ಸಭೆಗಳೂ ಗಣಿಗಾರಿಕೆ ಬೇಡ ಎಂದವು. 2014ರ ಜನವರಿಯಲ್ಲಿ ಸಚಿವಾಲಯ ಯೋಜನೆಯನ್ನು ಅಂತಿಮವಾಗಿ ತಿರಸ್ಕರಿಸಿತು.

ಈ ಪ್ರಕರಣ ಎತ್ತುವ ಮೊದಲ ತಾತ್ವಿಕ ಪ್ರಶ್ನೆ ಪ್ರಮಾಣದ್ದು: ಒಂದು ಧರ್ಮಕ್ಕೆ ಯಾವುದು ಅವಶ್ಯ ಎಂದು ಹೇಳಬಲ್ಲವರು ಯಾರು? ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟ್ ಇದಕ್ಕೊಂದು ಉತ್ತರ ಕೊಟ್ಟಿತ್ತು. ಧರ್ಮದ ಅವಶ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂಬುದು ಅದರ ಸಾರ. ಮಠಕ್ಕೆ ಗ್ರಂಥಗಳಿವೆ, ಭಾಷ್ಯಗಳಿವೆ, ಗುರುಪರಂಪರೆಯಿದೆ. ಬರೆದಿಟ್ಟ ಶಾಸ್ತ್ರವಿಲ್ಲದ ಸಮುದಾಯದ ಸಿದ್ಧಾಂತ ಎಲ್ಲಿ ಸಿಗುತ್ತದೆ? ಅದು ಆಚರಣೆಯಲ್ಲಿ, ಹಿರಿಯರ ನೆನಪಿನಲ್ಲಿ, ಬೆಟ್ಟದೊಂದಿಗಿನ ಒಡನಾಟದಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಎಲ್ಲರ ಎದುರು ನುಡಿದು ದಾಖಲಿಸುವ ತಾಣ ಗ್ರಾಮಸಭೆ. ಶಾಸ್ತ್ರಜ್ಞರ ಸಾಕ್ಷ್ಯಕ್ಕೆ ಇರುವ ಬೆಲೆಯೇ ಆ ನುಡಿಗೂ ಸಲ್ಲಬೇಕು. ಇಲ್ಲದಿದ್ದರೆ ಧರ್ಮಸ್ವಾತಂತ್ರ್ಯ ಅಕ್ಷರಸ್ಥ ಧರ್ಮಗಳಿಗಷ್ಟೇ ದಕ್ಕುವ ಹಕ್ಕಾಗುತ್ತದೆ.

ಎರಡನೆಯ ಪ್ರಶ್ನೆ ಬಹುಮತದ್ದು. ನಿಯಮಗಿರಿಯಲ್ಲಿ ಸಭೆಗಳು ಒಂದೇ ದನಿಯಲ್ಲಿ ನುಡಿದದ್ದರಿಂದ ಈ ಬಿಕ್ಕಟ್ಟು ಎದುರಾಗಲಿಲ್ಲ. ಊರು ಒಡೆದು, ಹೆಚ್ಚು ಮಂದಿ ಗಣಿಗೆ ಒಪ್ಪಿದ್ದರೆ? ಎತ್ತಿದ ಕೈಗಳ ಲೆಕ್ಕದಿಂದ ಊರು ಏನು ಮಾಡಬೇಕೆಂದು ತೀರ್ಮಾನವಾಗಬಹುದು, ಬೆಟ್ಟದಲ್ಲಿ ದೈವವಿದೆಯೇ ಎಂಬುದು ತೀರ್ಮಾನವಾಗದು. ಸಂವಿಧಾನದ 25ನೇ ವಿಧಿ ಆರಾಧನೆಯ ಹಕ್ಕನ್ನು ಪ್ರತಿ ವ್ಯಕ್ತಿಗೂ ಕೊಟ್ಟಿದೆ. ಹಾಗಾಗಿ ನೆರೆಹೊರೆಯವರ ಒಪ್ಪಿಗೆಯಿಂದ ಒಬ್ಬನ ಪೂಜಾಸ್ಥಳ ಇಲ್ಲವಾಗುವುದು ನ್ಯಾಯವೆನಿಸದು. ಸಭೆಯ ನಿರಾಕರಣೆ ಹಕ್ಕನ್ನು ಕಾಯಬಲ್ಲದು. ಸಭೆಯ ಒಪ್ಪಿಗೆ ಭಿನ್ನಮತದವರ ಹಕ್ಕನ್ನು ಅಳಿಸಲಾರದು.

ಮೂರನೆಯದು ಸಭೆಯ ಮಿತಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಗ್ರಾಮವನ್ನು ಸಂಕುಚಿತತೆ ಮತ್ತು ಅಜ್ಞಾನದ ಗೂಡೆಂದು ಟೀಕಿಸಿದ್ದರು. ಪರಂಪರೆಯ ಹೆಸರಿನಲ್ಲಿ ಬಲಾಢ್ಯರು ಮಾತಾಡಿ ಉಳಿದವರು ಬಾಯಿ ಮುಚ್ಚಿ ಕೂರುವ ಸಭೆಗೆ ಆ ಟೀಕೆ ಇಂದಿಗೂ ಅನ್ವಯಿಸುತ್ತದೆ. ಮಹಿಳೆಯರ ಹಾಜರಿ, ಕೋರಂ, ಓದಿ ಹೇಳಿದ ನಡಾವಳಿ ಇವು ನೈತಿಕ ಅಗತ್ಯಗಳಾಗುವುದು ಈ ಕಾರಣಕ್ಕೆ. ಯಾವ ಊರುಗಳನ್ನು ಕೇಳಬೇಕು ಎಂಬುದೂ ನ್ಯಾಯದ ಪ್ರಶ್ನೆಯೇ. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು 12 ಮಾತ್ರ ಎಂಬ ಆಕ್ಷೇಪ ಆಗಲೇ ಕೇಳಿಬಂದಿತ್ತು.

ಆದ್ದರಿಂದ ದೈವದ ವಿಷಯದಲ್ಲಿ ಗ್ರಾಮಸಭೆಯದು ಸಾಕ್ಷಿಯ ಅಧಿಕಾರ. ತನಗೆ ಯಾವುದು ಪವಿತ್ರ, ಯಾವುದು ನಾಶವಾದರೆ ಆರಾಧನೆಯೇ ನಿಲ್ಲುತ್ತದೆ ಎಂದು ಹೇಳುವುದು ಅದರ ಕೆಲಸ. ಆ ಸಾಕ್ಷ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರರ ಮೂಲಭೂತ ಹಕ್ಕುಗಳೊಂದಿಗೆ ತೂಗುವುದು ಪ್ರಭುತ್ವ ಮತ್ತು ನ್ಯಾಯಾಲಯದ ಹೊಣೆ. ನಂಬಿಕೆಯ ಸತ್ಯಾಸತ್ಯವನ್ನು ನಿರ್ಣಯಿಸುವ ಅಧಿಕಾರ ಈ ಮೂವರಲ್ಲಿ ಯಾರಿಗೂ ಇಲ್ಲ.